ಕೆಂಪಾದ ಭಂಡಾರ

ಪಾರಿಶ್ವಾಡದ ಭರಮಣ್ಣನ ಅಂಗಳದಲ್ಲಿದ್ದ ಅಂಬಾಸಿಡರ್ ಬೆಳಿಗ್ಗೆ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಭರಮಣ್ಣ ಕಾರನ್ನು ಅಲುಗಾಡಿಸಿದ. ಟ್ಯಾಂಕಿನಲ್ಲಿ ಹನಿಯ ಸಪ್ಪಳವಿಲ್ಲ. ನಿನ್ನೆ ಸಂಜೆಯಷ್ಟೇ ಖಾನಾಪುರದಲ್ಲಿ ತುಂಬಿಸಿದ್ದ.

"ಅವ್ವಾ, ಪೆಟ್ರೋಲ್ ಕಳುವಾಗೈತಿ!"

ಕಾರು ಇನ್ನೂ ಅವನದಲ್ಲ. ಬೆಳಗಾವಿಯಲ್ಲಿ ಕಾರು ಮಾರುವ ಬಾಳಾಸಾಹೇಬ ಎರಡು ದಿನ ಓಡಿಸಿ ನೋಡಲೆಂದು ಬಿಟ್ಟುಹೋದದ್ದು. ಹಿಡಿಸಿದರೆ ಕುರಿಹಿಂಡು ಮಾರಿ ಕೊಳ್ಳುವುದು, ಖಾನಾಪುರ ರೈಲ್ವೆ ಸ್ಟೇಶನ್ನಿನಿಂದ ಬಾಡಿಗೆ ಓಡಿಸುವುದು ಎಂದು ಮಾತಾಗಿತ್ತು. ಆ ಹಿಂಡು ಬಿಟ್ಟರೆ ಮನೆಗೆ ಬೇರೆ ಆಧಾರವಿರಲಿಲ್ಲ.

*

ಹೆಡ್ ಕಾನ್ಸ್‌ಟೇಬಲ್ ಬಂಡೆಪ್ಪ ದೂರು ಕೇಳಿ ಬಂದು ಅಂಗಳದಲ್ಲಿ ಸೈಕಲ್ ಇಳಿದ. ಹೆಂಡತಿ ತವರಿಗೆ ಹೋಗಿ ತಿಂಗಳಾಗಿತ್ತು. ತನ್ನ ಬಟ್ಟೆ ತಾನೇ ಒಗೆಯುವಂತಾಗಿ ಅವನ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಬೀಡಿ ತೆಗೆದ.

"ಬೀಡಿ ಬ್ಯಾಡ್ರಿ! ನೆಲಾ ಎಲ್ಲಾ ಪೆಟ್ರೋಲ್ ವಾಸನಿ," ಭರಮಣ್ಣ ಕೂಗಿದ.

ಹೌದು, ಕಾರಿನ ಕೆಳಗಿದ್ದ ಹೊಟ್ಟು ಗಪ್ಪೆಂದು ನಾರುತ್ತಿತ್ತು.

"ಕಳ್ಳ ಚೆಲ್ಯಾನ. ಯಾರ ಮ್ಯಾಲ ಸಂಶೇ?"

"ಬಾಜೂ ಮನಿ ಮಾಯಪ್ಪ. ಅವನ ಹಂತ್ಯಾಕ ಫಟಫಟಿ ಐತಿ."

ಬಂಡೆಪ್ಪ ಪಕ್ಕದ ಮನೆಗೆ ನುಗ್ಗಿದ. ಫಟಫಟಿಗೆ ಚಕ್ರಗಳೇ ಇರಲಿಲ್ಲ. ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು.

"ಓಡಿಸಬೇಕಂದ್ರ ಮೊದಲ ಕೋಳಿನ್ನ ಕೇಳಬೇಕ್ರಿ," ಎಂದ ಮಾಯಪ್ಪ.

*

ಅಷ್ಟರಲ್ಲಿ ಬಾಳಾಸಾಹೇಬ ಬಸ್ಸಿಳಿದು ಬಂದ. ಕೈಯಲ್ಲಿ ಕರಾರುಪತ್ರ. ಕಳವಿನ ಸಂಗತಿ ಕೇಳಿದ.

"ಕಳುವು ನಿಮ್ಮ ಅಂಗಳದಾಗ ಆಗೈತಿ. ಗಾಡಿದೇನ ತಪ್ಪು? ಇಂಜಿನ್ ನೋಡೀರಿ, ಬ್ರೇಕ್ ನೋಡೀರಿ. ಸಹಿ ಮಾಡ್ರಿ, ಕುರಿ ಪ್ಯಾಟಿಗೆ ಹೊಡೀರಿ."

ಭರಮಣ್ಣ ತಾಯಿಯ ಮುಖ ನೋಡಿದ.

"ಕೊಡೂಣು ಬಿಡಪಾ," ಎಂದಳು ಭರಮವ್ವ. ಅವಳ ಕಣ್ಣು ಮಾತ್ರ ಕುರಿಗಳ ಮೇಲಿತ್ತು. "ದೇವರ ಒಪ್ಪಿಗಿ ಕೊಟ್ಟಾನ."

"ಯಾವಾಗ ಕೊಟ್ಟಾನಬೇ?" ಬಂಡೆಪ್ಪ ಕೇಳಿದ.

"ಗಾಡಿ ಅಂಗಳಕ್ಕ ಬಂದ ಕೂಡ್ಲೆ. ಹೊಸ ಕುರಿ ತಂದ್ರ ಹಣಿ, ಬೆನ್ನ, ಹೊಟ್ಟಿ ಮುಟ್ಟಿ ನೋಡಿ ಭಂಡಾರ ಹಚ್ತೀವಲ್ರಿ? ಅರಿಷಿಣ ಕಲಸಿ ಇದಕ್ಕೂ ಹಚ್ಚಿದ್ನಿ. ಹೊಟ್ಟಿಗೆ ಹಚ್ಚಿದ್ದು ಕೆಂಪಾತು! ಮೈಲಾರಲಿಂಗ ಭಂಡಾರಾನ ಕುಂಕುಮ ಮಾಡ್ಯಾನ. ಅದಕ್ಕ ಯಾರೂ ಅದನ್ನ ಮುಟ್ಟಿಲ್ಲ."

ಬಂಡೆಪ್ಪ ಬಾನೆಟ್ ನೋಡಿದ. ಹಳದಿ. ಕಾರಿನ ಛಾವಣಿ ನೋಡಿದ. ಹಳದಿ. ಅಂಗಾತ ಮಲಗಿ ಕಾರಿನ ಕೆಳಗೆ ತೂರಿದ. ಪೆಟ್ರೋಲ್ ಟ್ಯಾಂಕಿನ ತಳದಲ್ಲಿ ಅಂಗೈಯಗಲ ಕೆಂಪು.

"ಒಂದು ಬಟ್ಟಲ ನೀರ ತರ್ರಿ."

ಕೆಂಪನ್ನು ಉಗುರಿನಿಂದ ಕೆರೆದು ನೀರಿಗೆ ಹಾಕಿ ತಿಕ್ಕಿದ. ಬುರುಬುರು ನೊರೆ ಬಂತು.

*

"ಹೋದ ರವಿವಾರ ಸಾರು ಚೆಲ್ಲಿ ನನ್ನ ಬನಿಯನ್ ಹಳದಿ ಆಗಿತ್ತು," ಎಂದ ಬಂಡೆಪ್ಪ. "ಸಾಬೂನು ತಿಕ್ಕಿದ್ರ ರಕ್ತದಂಗ ಕೆಂಪಾತು. ನಾ ಹೌಹಾರಿಬಿಟ್ಟೆ. ಅರಿಷಿಣಕ್ಕ ಸಾಬೂನು ತಾಕಿದ್ರ ಹಂಗ ಆಗತೈತಿ. ಈ ಟ್ಯಾಂಕು ಸೀಳೈತಿ. ಸೀಳಿಗೆ ಬಟ್ಟಿ ಸಾಬೂನು ತುಂಬ್ಯಾರ. ನಿನ್ನಿ ಹಾದಿ ಕುಲುಕಾಟಕ್ಕ ಅದು ಸಡಲಾಗಿ, ರಾತ್ರಿ ಪೆಟ್ರೋಲ್ ಎಲ್ಲಾ ಕೆಳಗಿನ ಹೊಟ್ಟಿನಾಗ ಇಂಗೈತಿ. ಕಳ್ಳ ಬಂದೇ ಇಲ್ಲ."

"ಸಾಬೂನು ಇವರ ತುಂಬಿರಬೇಕ್ರಿ!" ಬಾಳಾಸಾಹೇಬ ಬೆವೆತ.

"ಗಾಡಿ ಬಂದ ಕೂಡ್ಲೆ ಭಂಡಾರ ಹಚ್ಚ್ಯಾಳ, ಆಗಲೇ ಕೆಂಪಾಗೈತಿ. ಅಂದ್ರ ಸಾಬೂನು ಬೆಳಗಾಂವಿಯಿಂದನ ಬಂದೈತಿ. ನಿನ್ನ ಕೂಡ."

ಬಾಳಾಸಾಹೇಬ ಕರಾರುಪತ್ರ ಮಡಚಿ ಜೇಬಿಗಿಟ್ಟ. "ಗಾಡಿ ಹೊಟ್ಟಿ ಯಾರ ನೋಡ್ತಾರಂತ…"

"ಕೊಳ್ಳೋರು ನೋಡ್ತಾರ," ಭರಮವ್ವ ಗುಡುಗಿದಳು. ಮರುಕ್ಷಣ ಬಂಡೆಪ್ಪನ ಕಡೆ ತಿರುಗಿದಳು. "ಹಂಗಾರ ನನ್ನ ಭಂಡಾರ ಸುಳ್ಳಾತೇನ್ರಿ, ಸಾಹೇಬ್ರ?"

"ಸುಳ್ಳ ಹೆಂಗಾಕ್ಕತಿಬೇ? ಇವನ್ನ ಹಿಡಕೊಟ್ಟಿದ್ದು ಅದನ."

ಭರಮವ್ವ ಗಳಗಳ ಅತ್ತಳು, ಆಮೇಲೆ ನಕ್ಕಳು, ಎದ್ದುಹೋಗಿ ಕುರಿಹಟ್ಟಿಯ ಬಾಗಿಲು ತೆಗೆದಳು.

"ಗಾಡಿ ತಗೊಂಡ ಖಾನಾಪುರ ಠಾಣೆಗೆ ನಡಿ," ಎಂದ ಬಂಡೆಪ್ಪ.

"ಪೆಟ್ರೋಲ್ ಇಲ್ರೀ."

"ನೂಕು."

ಬಾಳಾಸಾಹೇಬ ನೂಕತೊಡಗಿದ. ಮೇಯಲು ಹೊರಟ ಕುರಿಹಿಂಡು ಊರ ಅಗಸಿ ಬಾಗಿಲ ಹತ್ತಿರ ಅವನನ್ನು ದಾಟಿ ಮುಂದೆ ಹೋಯಿತು.