ಐವತ್ತರ ಲೆನ್ಸು, ಗೋಡೆಯವರೆಗಿನ ದೂರ

"ಇದನ್ನ ಬೇಕು ಅಂತಲೇ ಹೀಗೆ ತೆಗೆದ್ರಾ?"

ಅವಳು ಕುರ್ಚಿ ತಿರುಗಿಸಿ ಕೇಳಿದಳು. ಕಂಪ್ಯೂಟರಿನ ಪರದೆಯ ಮೇಲೆ ಅವಳದೇ ಮುಖ. ಮೂಗು ಮುಂದೆ ನುಗ್ಗಿ ಬಂದಿತ್ತು, ಕಿವಿಗಳು ಹಿಂದೆ ಸರಿದು ಅಡಗಿದ್ದವು.

ಸ್ಟುಡಿಯೋದ ಹೊರಗಿನ ಕೋಣೆಯಲ್ಲಿ ಅವಳ ಚಿಕ್ಕಮ್ಮ ಕಾದು ಕುಳಿತಿದ್ದರು. ಸಂಜೆಯೊಳಗೆ ಗಂಡಿನ ಕಡೆಯವರಿಗೆ ಫೋಟೋ ಹೋಗಬೇಕು, ಅವರು ಒಪ್ಪಿದರೆ ಮದುವೆ ನಿಕ್ಕಿ ಎಂದು ಬೆಳಗ್ಗೆಯೇ ಕಡ್ಡಿ ಮುರಿದಂತೆ ಹೇಳಿದ್ದರು.

ಫೋಟೋ ತೆಗೆದವನು ಕ್ಯಾಮೆರಾದ ಪಟ್ಟಿಯನ್ನು ಕೈಗೆ ಸುತ್ತಿಕೊಳ್ಳುತ್ತ ನಿಂತ.

ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದೇ ಐವತ್ತು ಎಂದು. ಐವತ್ತು ಮಿಲಿಮೀಟರಿನ ಲೆನ್ಸನ್ನು ಅವನು ಕ್ಯಾಮೆರಾದಿಂದ ಕಳಚುವುದೇ ಅಪರೂಪ. ಅದನ್ನು ಕೇಳಿ ಚಿಕ್ಕಮ್ಮ, ಅಷ್ಟು ವಯಸ್ಸು ಕಾಣುವುದಿಲ್ಲವಲ್ಲ ಎಂದು ಬೆರಗಾಗಿದ್ದರು.

ಬರೀ ಮುಖ ತೆಗೆಯುವಾಗ ಮಾತ್ರ ಅವನೂ ಉದ್ದನೆಯ ಲೆನ್ಸ್ ಹಾಕಿ, ಬೆನ್ನು ಗೋಡೆಗೆ ತಾಗುವವರೆಗೆ ಹಿಂದೆ ಸರಿಯುತ್ತಿದ್ದ. ದೂರದಿಂದ ತೆಗೆದರೆ ಮುಖ ಹದವಾಗಿ ಬರುತ್ತದೆ, ಐವತ್ತು ಹಾಕಿ ತೀರಾ ಹತ್ತಿರ ಹೋದರೆ ಮೂಗು ಉಬ್ಬುತ್ತದೆ. ಅವನು ತೆಗೆದ ಮುಖಗಳನ್ನೆಲ್ಲ ಕಂಪ್ಯೂಟರಿನಲ್ಲಿ ತಿದ್ದುವವಳು ಅವಳೇ. ಅವನು ಈ ತಪ್ಪು ಮಾಡಿದ್ದನ್ನು ಅವಳು ಎಂದೂ ಕಂಡಿರಲಿಲ್ಲ.

ಹಾಗಾದರೆ ನನಗಾಗಿ ನಾಲ್ಕು ಹೆಜ್ಜೆ ಹಿಂದೆ ಹೋಗುವಷ್ಟೂ ಮನಸ್ಸಿಲ್ಲವೇ? ಇಷ್ಟು ದಿನ ಪಕ್ಕದ ಕುರ್ಚಿಯಲ್ಲಿ ಕೂತು ನಗಿಸಿದವನು...

"ಐವತ್ತೇ ಸ್ಟ್ಯಾಂಡರ್ಡ್, ಕಣ್ಣಿಗೆ ಕಂಡ ಹಾಗೇ ಬರುತ್ತೆ ಅಂತಾರಲ್ಲ. ನಿಮ್ಮ ಕಣ್ಣಿಗೆ ನಾನು ಹೀಗೆ ಕಾಣ್ತೀನಾ?"

ಕಣ್ಣಿಗೆ ಕಂಡ ಹಾಗೆ ಎಂಬ ಮಾತೆಲ್ಲ ಆಮೇಲೆ ಹುಟ್ಟಿದ್ದು ಎಂದು ಅವನು ಮೆಲ್ಲಗೆ ಬಾಯಿಬಿಟ್ಟ. ಫಿಲ್ಮಿನ ಮೂಲೆಯಿಂದ ಮೂಲೆಗಿರುವ ಅಳತೆಯೇ ಸ್ಟ್ಯಾಂಡರ್ಡ್ ಎಂದು ಹಿಡಿದರೆ ಅದು ಐವತ್ತಕ್ಕಿಂತ ತುಸು ಕಡಿಮೆಯೇ ಇರಬೇಕಿತ್ತಂತೆ. ಆದರೆ ಐವತ್ತರ ಲೆನ್ಸ್ ಮಾಡುವುದು ಸುಲಭ, ಬೆಲೆಯೂ ಕಮ್ಮಿ, ಮಬ್ಬು ಬೆಳಕಿನಲ್ಲೂ ಚಿತ್ರ ಬರುತ್ತಿತ್ತು. ಕ್ಯಾಮೆರಾ ಮಾಡುವವರು ಅದನ್ನೇ ಜೊತೆಗೆ ಕೊಡುತ್ತ ಬಂದರು. ಕೊಂಡವರು ಅದರಲ್ಲೇ ನೋಡಿ ನೋಡಿ, ಇದೇ ಸರಿಯಾದದ್ದು ಎಂದುಕೊಂಡರು.

"ಅಭ್ಯಾಸ, ಅಷ್ಟೇ. ನನಗೂ ಹಾಗೇ ಆಯ್ತು" ಎಂದ. "ದಿನಾ ಪಕ್ಕದಲ್ಲೇ ಇರ್ತೀರಿ. ಯಾವಾಗ್ಲೂ ಇರ್ತೀರಿ ಅಂದ್ಕೊಂಡುಬಿಟ್ಟೆ."

ಆಯಿತೋ ಇಲ್ಲವೋ ಎಂದು ಹೊರಗಿನಿಂದ ಚಿಕ್ಕಮ್ಮ ಕೂಗಿದರು.

ಅವಳು ಕದಲಲಿಲ್ಲ. "ಉದ್ದದ ಲೆನ್ಸ್ ಯಾಕೆ ಹಾಕಲಿಲ್ಲ? ಅದನ್ನ ಹೇಳಿ."

"ಹಾಕಿದ್ರೆ ಗೋಡೆವರೆಗೂ ಹಿಂದೆ ಹೋಗ್ಬೇಕಿತ್ತು. ಇನ್ಯಾರಿಗೋ ಚೆನ್ನಾಗಿ ಕಾಣಿಸೋಕೆ ನಿಮ್ಮಿಂದ ದೂರ ಸರಿಯೋದು... ಕಾಲೇ ಏಳಲಿಲ್ಲ." ಅವನು ತಲೆ ತಗ್ಗಿಸಿದ. "ತಪ್ಪಾಯ್ತು. ಕೂತ್ಕೊಳ್ಳಿ, ಸರಿಯಾಗಿ ತೆಗೆದುಕೊಡ್ತೀನಿ."

ಕಪಾಟಿನಿಂದ ಉದ್ದನೆಯ ಲೆನ್ಸ್ ತೆಗೆದ. ಅದನ್ನು ಕ್ಯಾಮೆರಾಕ್ಕೆ ಕೂರಿಸದೆ ಕೈಯಲ್ಲೇ ತಿರುಗಿಸುತ್ತ ನಿಂತ. ಅವಳೇ ಅದನ್ನು ಅವನ ಕೈಯಿಂದ ತೆಗೆದುಕೊಂಡು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದಳು.

"ಇಷ್ಟು ಹೇಳೋಕೆ ನನ್ನ ಮೂಗು ಕೆಡಿಸ್ಬೇಕಿತ್ತಾ?"

ಅಷ್ಟರಲ್ಲಿ ಚಿಕ್ಕಮ್ಮ ಒಳಗೇ ಬಂದರು. ಪರದೆ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ, ಇದನ್ನ ನೋಡಿದ ಮೇಲೆ ಯಾರಮ್ಮ ಒಪ್ತಾರೆ ನಿನ್ನ?"

ಅವಳು ಚಿಕ್ಕಮ್ಮನ ಕಡೆ ತಿರುಗಿದಳು. ಮಾತು ತಡವರಿಸಲಿಲ್ಲ.

"ಒಬ್ಬರು ಒಪ್ಪಿದ್ದಾರೆ, ಚಿಕ್ಕಮ್ಮ."

ಚಿಕ್ಕಮ್ಮ ಇಬ್ಬರ ಮುಖವನ್ನೂ ನೋಡುತ್ತ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದರು. ಅವಳು ಅವನತ್ತ ತಿರುಗಿ ದನಿ ತಗ್ಗಿಸಿದಳು.

"ಒಪ್ಪಿದ್ದೀರಿ ತಾನೇ?"

"ಯಾವತ್ತೋ" ಎಂದ ಅವನು. "ಕೇಳೋಕೆ ಧೈರ್ಯ ಇರಲಿಲ್ಲ."