ಹತ್ತು ಕಿಲೋಮೀಟರ್ ಮಸುಕು

“ಆ ಹಾವಸೆ ಸಿಕ್ಕಿದ ಜಾಗ ಮುಚ್ಚಿಟ್ಟಿದ್ದು ನೀನೇ ತಾನೇ?”

ಟಾಮ್ಸಿನ್ ತಲೆ ಎತ್ತಿದಳು. ಎರಡು ವರ್ಷದ ಮೇಲೆ... ಲಾಕ್ಲನ್! ಹೋಬಾರ್ಟಿನ ಸಸ್ಯಸಂಗ್ರಹಾಲಯದ ಬಾಗಿಲಲ್ಲಿ, ಕೆಸರು ಬೂಟಿನಲ್ಲಿ, ಕೈಯಲ್ಲೊಂದು ಕಾಗದದ ಪೊಟ್ಟಣ ಹಿಡಿದು.

ಎದೆ ಹಾರಬೇಕಿತ್ತು. ಹಾರಲಿಲ್ಲ.

“ಏಯ್, ಬೂಟು ಆಚೆ ಬಿಡು!” ಮೂಲೆಯಲ್ಲಿ ಒಣಗಿಸಿದ ಗಿಡಗಳನ್ನಿಡಲು ಪೊಟ್ಟಣ ಮಡಿಸುತ್ತಿದ್ದ ಮುದುಕಿ ಪ್ರೂ ಗದರಿದಳು. “ಕಾಡಿಂದ ಬಂದದ್ದನ್ನೆಲ್ಲ ಹುಳ ಸಾಯ್ಲಿ ಅಂತ ವಾರ ಫ್ರೀಜರಲ್ಲಿಡ್ತೀವಿ. ಇವನನ್ನೂ ಇಡೇ, ಟಾಮ್ಸಿನ್!”

“ಅವಳು ನನ್ನನ್ನ ಎರಡು ವರ್ಷದ ಹಿಂದೆಯೇ ಇಟ್ಟಾಯ್ತು,” ಎಂದ ಅವನು.

ಟಾಮ್ಸಿನ್‌ಗೆ ನಗು ಬರಲಿಲ್ಲ. ಅಳುವೂ ಬರಲಿಲ್ಲ.

ಆಗ ಅವರಿಬ್ಬರೂ ಒಂದೇ ಜೀವ. ಕಾಡು ಕಾಯುವ ಹೋರಾಟದ ಹುಡುಗ ಲಾಕ್ಲನ್ ಮುದಿ ಮಿರ್ಟಲ್ ಮರದ ಬುಡದಿಂದ ಅಪರೂಪದ ಹಾವಸೆ ತಂದುಕೊಟ್ಟಿದ್ದ. ಅಂಥದ್ದರ ಜಾಗವನ್ನು ಜನ ನೋಡುವ ದಾಖಲೆಯಲ್ಲಿ ಹತ್ತು ಕಿಲೋಮೀಟರ್ ಮಸುಕಾಗಿಸುವುದು, ಅಂದರೆ ಸುತ್ತಲ ಹತ್ತು ಕಿಲೋಮೀಟರಿನಲ್ಲಿ ಎಲ್ಲೋ ಎಂದಷ್ಟೇ ತೋರಿಸುವುದು, ಇಲ್ಲಿಯ ಪದ್ಧತಿ. ಇಲ್ಲದಿದ್ದರೆ ಕಿತ್ತು ಮಾರುವವರು ಚೀಲ ಹಿಡಿದು ಬರುತ್ತಾರೆ. ಟಾಮ್ಸಿನ್ ಅದನ್ನೇ ಮಾಡಿದಳು. ಮರ ಕಡಿಯುವ ಕಂಪನಿ ಅದೇ ದಾಖಲೆ ತೋರಿಸಿ, ಆ ಮರವಿದ್ದ ಕಣಿವೆಯಲ್ಲಿ ಅಪರೂಪದ್ದೇನೂ ಇಲ್ಲವೆಂದು ಗರಗಸ ಇಳಿಸಿತು. ಕಾನೂನಿಗೆ ಕಣ್ಣಿಲ್ಲ ಅನ್ನುತ್ತಾರೆ. ಸುಳ್ಳು! ಕಡಿಯುವವರ ಕಡೆಗೆ ಒಂದು ಕಣ್ಣು ಸದಾ ತೆರೆದೇ ಇರುತ್ತದೆ.

“ಇದು ಅದೇ ಕಣಿವೆಯ ಹಳ್ಳದ ಆಚೆ ದಡದ್ದು,” ಲಾಕ್ಲನ್ ಪೊಟ್ಟಣ ಮೇಜಿನ ಮೇಲಿಟ್ಟ. “ಸೋಮವಾರ ಅಲ್ಲಿಗೂ ಗರಗಸ ಬರುತ್ತೆ. ಇದನ್ನೂ ಅವರಿಗೋಸ್ಕರ ಮುಚ್ಚಿಡ್ತೀಯಾ?”

ಟಾಮ್ಸಿನ್ ಕಪಾಟು ತೆರೆದಳು. ಹೋಲಿಸಿ ನೋಡಲು ಹಳೆಯ ಪೊಟ್ಟಣ ತೆಗೆದಳು. ಅದರ ಮೇಲೆ ಅವನು ಎಂದೂ ಕಂಡಿರದ ಒಂದು ಚೀಟಿ ಅಂಟಿತ್ತು, ಅವಳ ಕೈಬರಹದಲ್ಲಿ:

‘ಈ ಜಾಗದಲ್ಲಿ ಈಗ ಇಲ್ಲ. ಕಡಿದಿದ್ದಾರೆ. ಕಾಯಲೆಂದು ಜಾಗ ಮಸುಕು ಮಾಡಿದೆ. ತಪ್ಪು ನನ್ನದು. — ಟಾಮ್ಸಿನ್.’

ಲಾಕ್ಲನ್ ಎರಡು ಸಲ ಓದಿದ.

“ಕಾಯೋಕೆ ಅಂತ... ನಂಗೆ ಯಾಕೆ ಹೇಳ್ಲಿಲ್ಲ?”

“ನೀನು ಕೇಳ್ಲೇ ಇಲ್ಲ. ಬೈದು ಹೋದೆ.”

“ಇದನ್ನ ಕಿತ್ತು ಬಿಸಾಕೇ...”

“ಇಲ್ಲಿ ಅಂಟಿಸಿದ ಚೀಟಿ ಕೀಳೋ ಹಾಗಿಲ್ಲ. ಪಕ್ಕದಲ್ಲಿ ಹೊಸದು ಅಂಟಿಸಬಹುದು, ಅಷ್ಟೇ.”

ಹೊಸ ಹಾವಸೆಯನ್ನು ಭೂತಗನ್ನಡಿಯಲ್ಲಿ ನೋಡಿದಳು. ಅದೇ. ಕಂಪ್ಯೂಟರಿನಲ್ಲಿ ಜಾಗ ಬರೆದಳು, ಮರದ ಬುಡದವರೆಗೂ ನಿಖರವಾಗಿ. ಮಸುಕು ಮಾಡಲಿಲ್ಲ.

“ಮೇಲಿನವರು ನಿನ್ನ ಚರ್ಮ ಸುಲೀತಾರೆ ಕಣೇ!” ಪ್ರೂ ಬಾಯಿ ಬಿಟ್ಟಳು.

“ಸುಲೀಲಿ. ಚರ್ಮ ಮತ್ತೆ ಬೆಳೆಯುತ್ತೆ. ಆ ಮರ ಬೆಳೆಯಲ್ಲ.”

ಸೋಮವಾರ ಗರಗಸ ಇಳಿಯಲಿಲ್ಲ. ಆ ಹೊಸ ದಾಖಲೆ ನೋಡಿ ಕೋರ್ಟು ತಡೆ ಕೊಟ್ಟಿತು... ಮೂರೇ ತಿಂಗಳಿಗೆ. ಆದರೂ ತಡೆ ತಡೆಯೇ!

ಮರುದಿನ ಲಾಕ್ಲನ್ ಜೊತೆ ಹಳ್ಳದ ಆಚೆ ದಡಕ್ಕೆ ಬಂದ ಟಾಮ್ಸಿನ್ ಒದ್ದೆ ಹಾವಸೆಯ ಮೇಲೆ ಅಂಗೈ ಊರಿದಳು. ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಎಷ್ಟು ಕಾಲವಾಗಿತ್ತು, ತಣ್ಣಗಿದ್ದದ್ದು ತಣ್ಣಗೆ ಅನ್ನಿಸಿ!

“ಚಳಿ ಆಗ್ತಿದೆ ಕಣೋ...”

ಲಾಕ್ಲನ್ ಅವಳ ಕೈ ತೆಗೆದು ತನ್ನ ಕೋಟಿನ ಜೇಬಿನೊಳಗೆ ಇಟ್ಟುಕೊಂಡ.

“ನಂದೂ ಒಂದು ತಪ್ಪಿದೆ. ಚೀಟಿ ಬರೆದು ಅಂಟಿಸ್ತೀಯಾ?”

“ಎಲ್ಲಿಗೆ?”

“ನಿನ್ನ ಪಕ್ಕಕ್ಕೆ.”

“ಅಂಟಿಸಿದ್ಮೇಲೆ ಕೀಳೋ ಹಾಗಿಲ್ಲ. ಗೊತ್ತಲ್ಲ?”

“ಅದಕ್ಕೇ ಕೇಳ್ತಿರೋದು.”