ಜವಳಿ ಗೋದಾಮಿನ ಬಾಗಿಲು ಮುಚ್ಚಿದ್ದು ಯಾರು?

ಬಾಗಿಲು ಮುಚ್ಚಿತ್ತು!

ಶಾಕಿರ್ ಮೆಟ್ಟಿಲ ಮೇಲೇ ನಿಂತುಬಿಟ್ಟ. ನಿನ್ನೆ ಬೆಳಿಗ್ಗೆ ಹಾರುಹೊಡೆದಂತೆ ತೆರೆದಿದ್ದ ಬಾಗಿಲು. ನಿನ್ನೆಯ ಮಾತೇಕೆ, ಅದು ಮುಚ್ಚಿದ್ದನ್ನು ಕಂಡವರೇ ಯಾರೂ ಇರಲಿಲ್ಲ.

ಡೆಟ್ರಾಯ್ಟ್ ನದಿಗೆ ಸಮೀಪದ ಆ ಕೆಂಪು ಇಟ್ಟಿಗೆಯ ಕಟ್ಟಡ ವಿಕ್ಟೋರಿಯಾ ರಾಣಿಯ ಕಾಲದ ಜವಳಿ ಗೋದಾಮು. ಬಟ್ಟೆಯ ಥಾನುಗಳು ಹೋದ ಮೇಲೆ ಬೂಟುಗಳು ಬಂದವು, ಬೂಟು ಹೋಗಿ ಕಾರಿನ ಬಿಡಿಭಾಗ ಬಂದವು, ಕೊನೆಗೆ ಪಾರಿವಾಳಗಳು ಸಂಸಾರ ಹೂಡಿದವು. ಮೂರನೆಯ ಮಹಡಿಯ ಈ ತಗಡು ಹೊದಿಸಿದ ದೈತ್ಯ ಬಾಗಿಲು ಮಾತ್ರ ಯಾರ ಕಾಲಕ್ಕೂ ಜಗ್ಗಲಿಲ್ಲ. ಇಳಿಜಾರು ಕಂಬಿಯ ಮೇಲೆ ಜಾರುವ ಬಾಗಿಲದು. ತಂತಿ ಹಗ್ಗಕ್ಕೆ ಕಬ್ಬಿಣದ ಗುಂಡು ಕಟ್ಟಿ ಅದನ್ನು ತೆರೆದೇ ನಿಲ್ಲಿಸಿದ್ದರು.

ಈಗ ಹಗ್ಗ ಜೋತಾಡುತ್ತಿತ್ತು. ಗುಂಡು ಬಿದ್ದು ಹೊಸದಾಗಿ ಪಾಲಿಶ್ ಮಾಡಿಸಿದ ಮರದ ನೆಲ ಒಡೆದಿತ್ತು.

ನಾಳೆ ಸಿಟಿಯ ಫೈರ್ ಇನ್ಸ್‌ಪೆಕ್ಟರ್ ಬರುವವನು. ಅವನು ಒಪ್ಪಿದರೆ ಗೋದಾಮು ಮದುವೆ ಹಾಲ್ ಆಗುತ್ತದೆ. ಶನಿವಾರ ಇಲ್ಲಿ ಮೊದಲ ಮದುವೆ, ಅದೂ ಶಾಕಿರ್‌ನ ಒಬ್ಬಳೇ ಮಗಳು ಸುಬಿಯಾಳದು! ಒಪ್ಪದಿದ್ದರೆ? ಕಾರ್ಡು ಹಂಚಿಯಾಗಿದೆ, ಷಿಕಾಗೋ ಕಡೆಯ ನೆಂಟರೆಲ್ಲ ಹೊರಟು ನಿಂತಿದ್ದಾರೆ.

ಬಾಗಿಲ ಪಕ್ಕದ ಕಿಟಕಿಯ ಕೆಳಗೆ ಥಾನು ಅಳೆಯುತ್ತಿದ್ದ ಎತ್ತರದ ಮೇಜಿತ್ತು. ಅದಕ್ಕೆ ಕೈಯೂರಿದ. ಹಲಗೆಗಳ ಸಂದಿಯಿಂದ ಅಂಗೈಗೆ ಏನೋ ಬಿಳಿ ಪುಡಿ, ನಾಲ್ಕಾರು ಇರುವೆ. ಗಾರೆ ಕೆಲಸದ ಧೂಳು ಎಂದು ಕೊಡವಿಕೊಂಡ. ಕಾಲಿಗೆ ತಾಗಿದ ಹಿತ್ತಾಳೆ ಚೂರೊಂದು ಠಣ್ ಎಂದು ಮೂಲೆಗೆ ಹಾರಿತು.

ಬೀಗದ ಕೈ ಇದ್ದದ್ದು ಮೂವರ ಬಳಿ. ತಾನು. ವೈರಿಂಗ್ ಮಾಡಿಸುತ್ತಿದ್ದ ಕಿಶೋರ್. ಮತ್ತೆ — ಪಾಲುದಾರ ಶಶಿಧರ. ಮಂಡ್ಯದಲ್ಲಿ ಒಂದೇ ಬೆಂಚಿನಲ್ಲಿ ಓದಿದ ಶಶಿ. ಹೋದ ತಿಂಗಳಷ್ಟೇ "ಅಪಾರ್ಟ್‌ಮೆಂಟಿನವರಿಗೆ ಮಾರಿಬಿಡೋಣ ಕಣೋ" ಎಂದಿದ್ದ ಶಶಿ. ಅವನೇ ಇರಬಹುದೇ? ಛೆ! ಅಲ್ಲದಿದ್ದರೆ ಮತ್ಯಾರು?

ಶಾಕಿರ್ ಹತ್ತಿರದ ಪ್ಲಿಮತ್ ಊರಿನ ಅಸ್ಗರಿ ಆಪಾಗೆ ಫೋನ್ ಹಚ್ಚಿದ. ಧಾರವಾಡದ ಆಕೆ ವಿಮಾ ಕಂಪನಿಗೆ ಬೆಂಕಿ ಅನಾಹುತಗಳ ತನಿಖೆ ಮಾಡಿ ನಿವೃತ್ತರಾದವರು. ಸುಳ್ಳು ಕ್ಲೇಮು ಹಾಕಿದವರು ಆಕೆಯ ಹೆಸರು ಕೇಳಿದರೆ ಇಂದಿಗೂ ಬೆವರುತ್ತಾರಂತೆ.

ಆಪಾ ಬಂದಾಗ ಮಧ್ಯಾಹ್ನ. ಕಿಶೋರ್, ಶಶಿಧರ ಇಬ್ಬರೂ ಬಂದಿದ್ದರು. ಕೆಳಗಿನ ಹಾಲ್‌ನಲ್ಲಿ ಶಶಿಧರನ ತಾಯಿ ಚಿಕ್ಕತಾಯಮ್ಮ ಮಡಿಲಲ್ಲಿ ಫ್ಲಾಸ್ಕ್ ಇಟ್ಟುಕೊಂಡು ಕೂತಿದ್ದರು. ಎದುರು ಸಿಕ್ಕರೆ ಸಾಕು, "ಉಂಡ್ಯೇನಪ್ಪ?" ಎನ್ನುವ ಮುದುಕಿ ಇವತ್ತು ಶಾಕಿರ್‌ನ ಮುಖವನ್ನೇ ನೋಡಲಿಲ್ಲ. ಮಗ ಏನು ಹೇಳಿಟ್ಟಿದ್ದಾನೋ ಎಂದು ಅವನಿಗೆ ಇನ್ನಷ್ಟು ಉರಿಯಿತು.

"ಹಗ್ಗ ಕತ್ತರಿಸಿದಾರೆ ಆಪಾ. ಬೇಕಂತ್ಲೇ ಮಾಡಿದಾರೆ," ಎಂದ, ಮೂವರನ್ನೂ ಮೇಲಿನ ಬಾಗಿಲ ಬಳಿಗೆ ಕರೆದೊಯ್ದು.

ಆಪಾ ಮೊದಲು ಕಿಶೋರ್ ಕಡೆ ತಿರುಗಿದರು. "ಈ ಬಾಗಲಾ ತಗದು ಗಾಜಿನ ಬಾಗಲಾ ಹಾಕೂಣು ಅಂದಾಂವ ನೀನೇ ಏನು?"

"ಹೌದು ಆಂಟಿ. ಆದ್ರೆ ನಾನಿಲ್ಲಿ ಇರ್ಲೇ ಇಲ್ಲ! ನಿನ್ನೆಯೆಲ್ಲಾ ಷಿಕಾಗೋ ಹತ್ರದ ಪ್ಲೇನ್‌ಫೀಲ್ಡ್‌ನಲ್ಲಿ ಅಕ್ಕನ ಮನೇಲಿದ್ದೆ. ಇವತ್ತು ಡ್ರೈವ್ ಮಾಡ್ಕೊಂಡು ಸೀದಾ ಇಲ್ಲಿಗೇ ಬಂದೆ."

"ಮ್ಯಾಲಿನ ಹೊಗಿ ಅಲಾರಮ್ಮಿಗೆ ಪ್ಲಾಸ್ಟಿಕ್ ಚೀಲ ಯಾಕ ಕಟ್ಟಿರಿ?"

"ಧೂಳಿಗೆ ಸುಮ್ಸುಮ್ನೆ ಕೂಗ್ತಾವೆ. ಕೆಲಸ ಮುಗಿದ್ಮೇಲೆ ಬಿಚ್ತೀವಿ."

"ಹಂಗಾದ್ರ ನಿನ್ನೆ ಅವು ಕೂಗಲಿಲ್ಲ," ಎಂದರು ಆಪಾ. ಶಾಕಿರ್‌ಗೆ ಅರ್ಥವಾಗಲಿಲ್ಲ. ಹಗ್ಗ ಕತ್ತರಿಸಿದ್ದಕ್ಕೂ ಹೊಗೆಗೂ ಏನು ಸಂಬಂಧ?

"ಶಶಿಧರ, ನೀವು?"

"ಬಂದಿದ್ದೆ. ಸಾಯಂಕಾಲ. ಲಿಫ್ಟ್‌ನವರು ಬರೋರಿದ್ರು."

"ಒಬ್ಬರs ಬಂದಿದ್ರಿ?"

ಶಶಿಧರ ಒಮ್ಮೆ ಮೆಟ್ಟಿಲ ಕಡೆ ನೋಡಿದ. "ಒಬ್ನೇ."

"ಬಾಗಿಲು ಬೀಳೋ ಸದ್ದು ಕೇಳ್ಲಿಲ್ವಾ?" ಶಾಕಿರ್ ನಡುವೆ ಬಾಯಿ ಹಾಕಿದ.

"ಕೇಳ್ಲಿಲ್ಲ."

"ಇಡೀ ಕಟ್ಟಡ ನಡುಗಿರುತ್ತೆ ಕಣೋ! ಸುಳ್ಳಿಗಾದ್ರೂ ತಲೆ ಬುಡ ಬೇಡ್ವಾ? ನನ್ನ ಮಗಳ ಮದುವೆ ಕೆಡಿಸಿ ನಿಂಗೇನೋ ಸಿಗುತ್ತೆ?"

ಶಶಿಧರ ನೆಲ ನೋಡುತ್ತಾ ಹೇಳಿದ: "ನಾನೇ ಅಂತಿಟ್ಕೋ. ಪಾಲು ಬಿಟ್ಕೊಡ್ತೀನಿ. ಲಾಯರ್‌ಗೆ ಹೇಳು."

ಶಾಕಿರ್‌ಗೆ ದಿಕ್ಕೇ ತೋಚದಾಯಿತು. ತಪ್ಪೊಪ್ಪಿಕೊಂಡವನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಅಳು.

"ಇಬ್ಬರೂ ಸುಮ್ಮಕ ಇರ್ರಿ," ಎಂದರು ಆಪಾ. ಆಕೆ ಮೇಜಿನ ಮುಂದೆ ಬಗ್ಗಿದ್ದರು. "ಕಟ್ಟಡದಾಗ ಎಲ್ಲೆ ಕೈ ಇಟ್ರೂ ಧೂಳಾ. ಈ ಮೇಜೊಂದs ಸ್ವಚ್ಛ ಒರಸ್ಯಾರ. ಕೆಡಸಾಕ ಬಂದಾಂವ ಮೇಜು ಒರಸಿ ಹೋಗ್ತಾನೇನ್ರಿ?"

"ಸಂದಿಯೊಳಗೆ ಗಾರೆ ಪುಡಿ ಹಾಗೇ ಇದೆಯಲ್ಲ," ಎಂದ ಶಾಕಿರ್.

"ಗಾರಿ ಪುಡಿಗೆ ಇರುವಿ ಮುತ್ತತಾವೇನು?"

ಶಾಕಿರ್ ತನ್ನ ಅಂಗೈ ನೋಡಿಕೊಂಡ.

ಆಪಾ ಮೂಲೆಯಿಂದ ಹಿತ್ತಾಳೆ ಚೂರನ್ನು ಹೆಕ್ಕಿ, ಹಗ್ಗದ ತುದಿಯಲ್ಲಿದ್ದ ಅಂಥದೇ ಚೂರಿಗೆ ಜೋಡಿಸಿದರು. ಸರಿಯಾಗಿ ಕೂತಿತು.

"ಹಗ್ಗ ಯಾರೂ ಕತ್ತರಿಸಿಲ್ಲ. ಇವೆರಡೂ ಕೂಡಿ ಒಂದು ಕೊಂಡಿ. ನಡುವಿನ ಬೆಸಗಿ ನೂರಾ ಅರವತ್ತು ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ರ ಕರಗತದ. ಬೆಂಕಿ ಹತ್ತಿದ್ರ ಕೊಂಡಿ ಬಿಚ್ಚಿ, ಗುಂಡು ಬಿದ್ದು, ಬಾಗಲಾ ತಾನs ಮುಚ್ಚಕೋಬೇಕು. ಒಂದು ಖೋಲಿ ಅರಿವಿ ಸುಟ್ರೂ ಬಾಜೂದ್ದು ಉಳೀಬೇಕು. ಆಗಿನ ಜವಳಿ ಮಂದಿ ಬೆಂಕಿಗೆ ಅಷ್ಟು ಅಂಜತಿದ್ರು."

"ಆದ್ರೆ ಇಲ್ಲಿ ಬೆಂಕಿನೇ ಬಿದ್ದಿಲ್ವಲ್ಲ ಆಪಾ!"

"ಬಿದ್ದಿಲ್ಲ. ಹಚ್ಚ್ಯಾರ. ಕೊಂಡಿ ಈ ಮೇಜಿನ ನೆತ್ತಿ ಮ್ಯಾಲೆ ಇತ್ತು. ಇಡೀ ಮಹಡ್ಯಾಗ ಪೂರ್ವಕ್ಕ ಇರೂದು ಇದೊಂದs ಕಿಟಕಿ. ಸಂದ್ಯಾಗಿನ ಪುಡಿ ಅಕ್ಕಿ ಹಿಟ್ಟು, ರಂಗೋಲಿದು. ಇರುವಿ ಬಂದದ್ದು ಚೆಲ್ಲಿದ ಹಾಲಿಗೆ. ಪೂರ್ವಕ್ಕ ಮುಖ ಮಾಡಿ, ರಂಗೋಲಿ ಹಾಕಿ, ಒಲಿ ಇಟ್ಟು ಹಾಲು ಉಕ್ಕಿಸೂದು ಯಾವಾಗ್ರೀ ಶಶಿಧರ?"

ಶಶಿಧರನ ಬದಲು ಮೆಟ್ಟಿಲ ಕಡೆಯಿಂದ ಉತ್ತರ ಬಂತು.

"ಹೊಸ ಮನೆ ಹೊಕ್ಕೋವಾಗ."

ಚಿಕ್ಕತಾಯಮ್ಮ ಫ್ಲಾಸ್ಕ್ ಹಿಡಿದು ಏದುಸಿರು ಬಿಡುತ್ತಾ ನಿಂತಿದ್ದರು. "ನಾನೇ ಕಣಪ್ಪ. ಮಗ ಕೆಳಗೆ ಲಿಫ್ಟ್‌ನೋರ ಜೊತೆ ಮಾತಾಡ್ತಿದ್ದ. ಪಿಕ್ನಿಕ್ಕಿನ ಗ್ಯಾಸ್ ಒಲೆ ಚೀಲದಲ್ಲಿ ತಂದಿದ್ದೆ. ಹಾಲು ಉಕ್ಕದೇ ಇರೋ ಜಾಗದಲ್ಲಿ ಹೆಣ್ಮಗು ಮದ್ವೆ ಮಾಡಕ್ಕಾಯ್ತದಾ? ಆ ಬಾಗ್ಲು ದಡಾರ್ ಅಂತು ನೋಡು, ಜೀವ ಬಾಯಿಗೆ ಬಂತು."

"ನಂಗ್ಯಾಕೋ ಹೇಳ್ಲಿಲ್ಲ?" ಶಾಕಿರ್ ಗೆಳೆಯನ ಕಡೆ ತಿರುಗಿದ.

"ಕೊಂಡ ದಿನ ಮಾತಾಡ್ಕೊಂಡಿದ್ವಲ್ಲ. ಬಾಡಿಗೆಗೆ ಬಂದೋರು ಏನಾದ್ರೂ ಮಾಡ್ಕೊಳ್ಳಿ, ಮಾಲೀಕರದ್ದು ಪೂಜೆನೂ ಬೇಡ, ಫಾತಿಹಾನೂ ಬೇಡ ಅಂತ. ನಮ್ಮಮ್ಮನೇ ಮಾತು ಮುರಿದ್ಲು ಅಂತ ಹೆಂಗೋ ಹೇಳ್ಲಿ? ಆಮೇಲೆ ಮಾರೋ ಆಸೆಗೆ ಮಾಡ್ದೆ ಅಂತ ನೀನೇ ಅಂದ್ಕೊಂಡಿದ್ದೆ. ಅಮ್ಮನ್ನ ಮುಂದೆ ತಳ್ಳೋ ಬದ್ಲು..."

ಆಪಾ ಹಿತ್ತಾಳೆ ಚೂರುಗಳನ್ನು ಶಾಕಿರ್‌ನ ಕೈಗೆ ಹಾಕಿದರು.

"ಹೊಸಾ ಕೊಂಡಿ ಅಂಗಡ್ಯಾಗ ಸಿಗತದ, ಸಂಜಿಯೊಳಗ ಹಾಕಸ್ರಿ. ನೆಲಕ್ಕ ಒಂದು ಹಲಗಿ ಬಡಸ್ರಿ. ಇನ್ಸ್‌ಪೆಕ್ಟರ್ ಕೇಳೂದು ಒಂದs, ಈ ಮುದುಕ ಬಾಗಲಾ ಇನ್ನೂ ಕೆಲಸಾ ಮಾಡತದೇನು ಅಂತ. ಇವರು ಪರೀಕ್ಷಾ ಮಾಡ್ಯಾರ, ಪಾಸಾಗೇತಿ. ಒಲಿ ಮಾತ್ರ ಇನ್ನ ಇಲ್ಲೆ ಹಚ್ಚಬ್ಯಾಡ್ರಿ ಅಮ್ಮಾ."

ಶಾಕಿರ್ ಚಿಕ್ಕತಾಯಮ್ಮನ ಹತ್ತಿರ ಹೋದ. ಕೇಳಬೇಕಾದ್ದು ಬಹಳ ಇತ್ತು. ಬಾಯಿಗೆ ಬಂದದ್ದು ಒಂದೇ.

"ಅಮ್ಮ, ಉಕ್ಕಿದ ಹಾಲನ್ನ ಮನೆಯೋರಿಗೆಲ್ಲಾ ಕೊಡಬೇಕಲ್ವಾ? ನನ್ನ ಪಾಲೆಲ್ಲಿ?"

ಮುದುಕಿ ಫ್ಲಾಸ್ಕಿನ ಮುಚ್ಚಳ ತಿರುಗಿಸತೊಡಗಿದರು.

"ಬೆಳಿಗ್ಗೆ ಬಿಸಿ ಮಾಡಿ ತಂದಾಗಿಂದ ಹಿಡ್ಕೊಂಡು ಕೂತಿವ್ನಿ ಕಣಪ್ಪ. ನಿಂದೂ ಸುಬಿಯಾದೂ ಇದ್ರಲ್ಲೇ ಅದೆ. ಹೆಂಗೆ ಕೊಡೋದು ಅಂತ ಗೊತ್ತಾಗ್ಲಿಲ್ಲ."